ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಯ ಒಂದು ವರ್ಷ: ವಿಷಯವಾರು ವಿಮರ್ಶೆ

2025ರ ಮೇ ತಿಂಗಳಿನಲ್ಲಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಹದಿನೈದು ದಿನ ಕಳೆದ ಮೇಲೆ, ಮಗಳ ಹತ್ತನೇ ತರಗತಿಯ ನೋಟ್‌ಬುಕ್ಕುಗಳನ್ನು ಹಳೇ ಪೇಪರಿನವನಿಗೆ ಹಾಕುವ ಮೊದಲು ಒಂದೊಂದಾಗಿ ತೆಗೆದು ನೋಡಿದೆ. ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸ ಮಾಡುವ ನನಗೆ ಯಾವ ಪುಸ್ತಕ ಕೈಗೆ ಬಂದರೂ ಅದರಲ್ಲಿ ಯಾರು ಎಲ್ಲಿ ಸಹಿ ಹಾಕಿದ್ದಾರೆ, ಯಾವ ಸಾಲನ್ನು ತಿದ್ದಿದ್ದಾರೆ, ಯಾವ ಪುಟವನ್ನು ನೋಡದೆಯೇ ಮಗುಚಿದ್ದಾರೆ ಎಂಬುದರ ಮೇಲೆ ಮೊದಲು ಕಣ್ಣು ಹೋಗುವ ಅಭ್ಯಾಸವಿದೆ. ಹದಿನಾಲ್ಕು ನೋಟ್‌ಬುಕ್ಕುಗಳ ಕೆಂಪು ಶಾಯಿಯನ್ನು ಹಿಂಬಾಲಿಸಿ ಹೋದಾಗ ಆ ಶಾಲೆಯ ಒಂದೊಂದು ವಿಷಯದ ವಿಭಾಗವೂ ವರ್ಷವನ್ನು ಹೇಗೆ ಕಳೆಯಿತು ಎಂಬುದು ಪ್ರೋಗ್ರೆಸ್ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಂಡಿತು. ಮಕ್ಕಳನ್ನು ಎಂಟನೇ ತರಗತಿಗೆ ಎಲ್ಲಿ ಸೇರಿಸಬೇಕೆಂದು ವಿಚಾರಿಸುತ್ತಿರುವ ಪೋಷಕರಿಗೆ ಉಪಯೋಗವಾಗಲೆಂದು 2024-25ರ ಆ ವರ್ಷದ ಬಗ್ಗೆ ಬರೆಯುತ್ತಿದ್ದೇನೆ. ಶಾಲೆ ಮಂಡ್ಯ ನಗರದ ಒಂದು ಅನುದಾನಿತ ಪ್ರೌಢಶಾಲೆ ಎಂದಷ್ಟು ಹೇಳಿದರೆ ಸಾಕು. ಹೆಸರು ಬರೆದರೆ ಒಬ್ಬೊಬ್ಬರೇ ಶಿಕ್ಷಕರಿರುವ ವಿಷಯಗಳಲ್ಲಿ ಬೈಗುಳವೂ ಹೊಗಳಿಕೆಯೂ ನೇರವಾಗಿ ವ್ಯಕ್ತಿಗೆ ಹೋಗಿ ತಟ್ಟುತ್ತದೆ.

ವಿಭಾಗ ಎಂಬುದು ಪ್ರೌಢಶಾಲೆಗೆ ಸ್ವಲ್ಪ ದೊಡ್ಡ ಮಾತು. ಸ್ಟಾಫ್ ರೂಮಿನಲ್ಲಿ ಒಂದು ಮೇಜು, ಒಂದು ಬೀರು, ಒಬ್ಬರೋ ಇಬ್ಬರೋ ಮೇಷ್ಟ್ರು, ಇಷ್ಟೇ ಒಂದು ವಿಭಾಗ. ವಿಜ್ಞಾನವನ್ನು ಒಬ್ಬರೇ ಕಲಿಸುವುದಿಲ್ಲ ಎಂಬುದು ಅನೇಕ ಪೋಷಕರಿಗೆ ಗೊತ್ತಿರುವುದಿಲ್ಲ. ಪದವಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ ಪಿಸಿಎಂ ಶಿಕ್ಷಕರು ಗಣಿತದ ಜೊತೆಗೆ ಭೌತಶಾಸ್ತ್ರವನ್ನೂ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ ಸಿಬಿಝಡ್ ಶಿಕ್ಷಕರು ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರವನ್ನೂ ನೋಡಿಕೊಳ್ಳುತ್ತಾರೆ. ಆದ್ದರಿಂದ ಒಬ್ಬ ಪಿಸಿಎಂ ಶಿಕ್ಷಕರು ಬಿಟ್ಟುಹೋದರೆ ಒಂದು ವಿಷಯವಲ್ಲ, ಒಂದೂವರೆ ವಿಷಯ ಕುಸಿಯುತ್ತದೆ. ಮಗಳಿದ್ದ ಇಂಗ್ಲಿಷ್ ಮಾಧ್ಯಮದ ಸೆಕ್ಷನ್ನಿನಲ್ಲಿ 54 ಮಕ್ಕಳಿದ್ದರು. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625 ಅಂಕ ಎಂಬುದು ಎಲ್ಲರಿಗೂ ತಿಳಿದ ಲೆಕ್ಕ.

ತಿಳಿಯದ ಲೆಕ್ಕ ದಿನಗಳದು. ಮೇ ಕೊನೆಗೆ ಶಾಲೆ ತೆರೆಯಿತು. ಅಕ್ಟೋಬರ್‌ನ ಅರ್ಧಕ್ಕಿಂತ ಹೆಚ್ಚು ದಿನಗಳು ದಸರಾ ರಜೆಗೆ ಹೋದವು. ಡಿಸೆಂಬರ್ ಅಂತ್ಯದೊಳಗೆ ಎಲ್ಲ ವಿಷಯಗಳ ಪೋರ್ಷನ್ ಮುಗಿದಿರಬೇಕೆಂದು ಮುಖ್ಯೋಪಾಧ್ಯಾಯರು ಜೂನ್ ತಿಂಗಳ ಪೋಷಕರ ಸಭೆಯಲ್ಲೇ ಹೇಳಿದ್ದರು. ಜನವರಿಯಿಂದ ಪುನರಾವರ್ತನೆ, ಫೆಬ್ರವರಿ ಕೊನೆಗೆ ಪೂರ್ವಸಿದ್ಧತಾ ಪರೀಕ್ಷೆ, ಮಾರ್ಚ್ 21ರಿಂದ ಮುಖ್ಯ ಪರೀಕ್ಷೆ. ಹಾಗಾಗಿ ಕಲಿಸಲು ನಿಜವಾಗಿ ಸಿಕ್ಕುವುದು ಏಳು ತಿಂಗಳೂ ತುಂಬದ ಅವಧಿ. ಪೋರ್ಷನ್ ಮುಗಿಸುವ ಆತುರ ಎಲ್ಲರಿಗೂ ಒಂದೇ ಆಗಿರುವಾಗ, ಆ ಆತುರದ ನಡುವೆ ಮಕ್ಕಳ ಕೈಯಿಂದ ಏನನ್ನಾದರೂ ಮಾಡಿಸಲು ಯಾವ ವಿಭಾಗ ಪುರುಸೊತ್ತು ಮಾಡಿಕೊಂಡಿತು ಎಂಬುದೊಂದೇ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಈ ವಿಮರ್ಶೆ ಮಾಡಿದ್ದೇನೆ.

ಕನ್ನಡ ವಿಭಾಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಆ ಶಾಲೆಗೆ ಸೇರಿಸಿದ್ದು ಸಾರ್ಥಕವಾದದ್ದು ಅಲ್ಲಿಯೇ. ಜುಲೈ ತಿಂಗಳ ಒಂದು ಸಂಜೆ ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಬೆರಳಿನಿಂದ ಮೂರು ನಾಲ್ಕು, ಮೂರು ನಾಲ್ಕು ಎಂದು ತಾಳ ಹಾಕುತ್ತ ಕುಳಿತಿದ್ದಳು. ವಿಚಾರಿಸಿದರೆ ಭಾಮಿನಿ ಷಟ್ಪದಿ. ಒಂದು, ಎರಡು, ನಾಲ್ಕು ಮತ್ತು ಐದನೆಯ ಸಾಲುಗಳಲ್ಲಿ ಮೂರು ನಾಲ್ಕರ ಗಣಗಳು ಎರಡು ಸಲ ಬಂದು 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಲ್ಲಿ ಅವೇ ಗಣಗಳು ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23 ಮಾತ್ರೆ ಎಂಬುದನ್ನು ನಾವೆಲ್ಲ ಪ್ರಸ್ತಾರ ಹಾಕಿ, ಲಘು ಗುರು ಗುರುತಿಸಿ, ಎರಡು ಅಂಕಕ್ಕಾಗಿ ಕಲಿತವರು. ಈ ಮೇಷ್ಟ್ರು ಪ್ರಸ್ತಾರ ಹಾಕಿಸುವ ಮೊದಲು ಇಡೀ ತರಗತಿಯಿಂದ ಡೆಸ್ಕ್ ಬಡಿಸಿ ಕುಮಾರವ್ಯಾಸನ ಪದ್ಯವನ್ನು ಗಮಕದ ಧಾಟಿಯಲ್ಲಿ ಓದಿಸಿದ್ದರು. ಪಕ್ಕದ ಕೋಣೆಯ ತರಗತಿಯವರು ಗಲಾಟೆಯೆಂದು ದೂರು ಕೊಟ್ಟರಂತೆ. ಪರೀಕ್ಷೆಯಲ್ಲಿ ಕಿವಿಯಿಂದ ಛಂದಸ್ಸು ಕಲಿತವರು ತಪ್ಪು ಪ್ರಸ್ತಾರ ಹಾಕಿದರೆ ಅವರಿಗೇ ಅನುಮಾನ ಬರುತ್ತದೆ, ಬಾಯಿಪಾಠ ಮಾಡಿದವರಿಗೆ ಬರುವುದಿಲ್ಲ ಎಂದು ಅವರು ಸಭೆಯಲ್ಲಿ ಹೇಳಿದ ಮಾತು ನನಗೆ ಸರಿಯೆನಿಸಿತು.

ಇನ್ನೊಂದು ಸಂಗತಿ. 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 2024ರ ಡಿಸೆಂಬರ್ 20ರಿಂದ 22ರವರೆಗೆ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ ನಮ್ಮ ಮಂಡ್ಯದಲ್ಲಿಯೇ ನಡೆಯಿತು. ಪೋರ್ಷನ್ ಮುಗಿಸುವ ಕೊನೆಯ ದಿನಗಳು ಅವು. ಉಳಿದ ವಿಭಾಗಗಳವರು ವಿಶೇಷ ತರಗತಿ ಬಿಡಲಾಗದೆಂದು ಕುಳಿತಾಗ ಕನ್ನಡದ ಇಬ್ಬರೂ ಶಿಕ್ಷಕರು ಒಂದು ದಿನ ಪಟ್ಟು ಹಿಡಿದು ಮಕ್ಕಳನ್ನು ಪುಸ್ತಕ ಮಳಿಗೆಗಳಿಗೆ ಕರೆದೊಯ್ದರು. ಪಠ್ಯದಲ್ಲಿ ಇಲ್ಲದ ಲೇಖಕರ ಒಂದು ಪುಸ್ತಕವನ್ನು ನೂರು ರೂಪಾಯಿಯೊಳಗೆ ಕೊಳ್ಳಬೇಕು, ಜನವರಿಯಲ್ಲಿ ಅದರ ಬಗ್ಗೆ ಐದು ನಿಮಿಷ ಮಾತನಾಡಬೇಕು ಎಂಬುದು ಕಟ್ಟಳೆ. 1974ರಲ್ಲಿ ಇದೇ ಊರಿನಲ್ಲಿ ಸಮ್ಮೇಳನ ನಡೆದಾಗ ಜಯದೇವಿತಾಯಿ ಲಿಗಾಡೆಯವರು ಅಧ್ಯಕ್ಷರಾಗಿದ್ದರು, ಆ ಪೀಠಕ್ಕೆ ಬಂದ ಮೊದಲ ಮಹಿಳೆ ಅವರು ಎಂಬುದನ್ನು ನಾನು ಮಗಳಿಂದ ತಿಳಿದೆ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಮೇಲುಕೋಟೆಯ ಪು.ತಿ.ನ., ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಇವರೆಲ್ಲ ನಮ್ಮ ಜಿಲ್ಲೆಯವರೆಂದು ಗೊತ್ತಿದ್ದರೂ ಅವರ ಊರುಗಳು ಬಸ್ಸಿನ ಬೋರ್ಡಿನಲ್ಲಿ ದಿನವೂ ಕಾಣುವ ಊರುಗಳೇ ಎಂದು ಹೊಳೆಯುವುದಕ್ಕೆ ಮಕ್ಕಳಿಗೆ ಒಬ್ಬ ಮೇಷ್ಟ್ರು ಬೇಕಾಯಿತು.

ಕೊರತೆಯನ್ನೂ ಹೇಳಬೇಕು. ವ್ಯಾಕರಣದ ಭಾಗ ಸೊರಗಿತ್ತು. ಸಂಧಿ ಸಮಾಸಗಳನ್ನು ದಸರಾ ರಜೆಯ ಮನೆಗೆಲಸವಾಗಿ ಕೊಟ್ಟು ಮುಗಿಸಿದ್ದರು. ಗಾದೆಯ ವಿಸ್ತರಣೆಗಳಲ್ಲಿ ಒಂದನ್ನೂ ತಿದ್ದಿರಲಿಲ್ಲ. ಪುಟದ ಕೆಳಗೆ ಸಹಿಯಷ್ಟೇ ಇತ್ತು.

ಈ ಸಂದರ್ಭದಲ್ಲಿ ಒಂದು ಪಕ್ಕದ ಮಾತು. ಪ್ರಥಮ ಭಾಷೆಯಾಗಿ ಕನ್ನಡದ ಬದಲು ಸಂಸ್ಕೃತ ತೆಗೆದುಕೊಂಡರೆ 125ಕ್ಕೆ 125 ಬರುತ್ತದೆ ಎಂಬ ಸಲಹೆ ಎಂಟನೇ ತರಗತಿಗೆ ಸೇರಿಸುವ ದಿನವೇ ಕಚೇರಿಯ ಕಿಟಕಿಯಲ್ಲಿ ಸಿಕ್ಕಿತ್ತು. ಸಂಸ್ಕೃತವನ್ನು ಇಷ್ಟಪಟ್ಟು ಓದುವವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮನೆಯಲ್ಲಿ, ಬೀದಿಯಲ್ಲಿ, ಸಂತೆಯಲ್ಲಿ ಕನ್ನಡವನ್ನಲ್ಲದೆ ಬೇರೆ ಭಾಷೆಯನ್ನು ಕೇಳುವುದೇ ಅಪರೂಪವಾದ ಈ ಜಿಲ್ಲೆಯಲ್ಲಿ ಆ ಸಲಹೆಯನ್ನು ಅಷ್ಟು ಸಲೀಸಾಗಿ ಕೊಡುತ್ತಾರಲ್ಲ ಎಂದು ಆ ದಿನ ಕಸಿವಿಸಿಯಾದದ್ದು ನಿಜ.

ಇಂಗ್ಲಿಷ್ ವಿಭಾಗದ ನೋಟ್‌ಬುಕ್ ನೋಡಲು ಅತ್ಯಂತ ಅಚ್ಚುಕಟ್ಟು. ಪ್ರತಿ ಪಾಠಕ್ಕೂ ಪ್ರಶ್ನೋತ್ತರ, ಪ್ರತಿ ಉತ್ತರಕ್ಕೂ ಟಿಕ್ ಗುರುತು, ತಿಂಗಳಿಗೊಮ್ಮೆ ತಪ್ಪದೆ ಸಹಿ. ಇಡೀ ಪುಸ್ತಕದಲ್ಲಿ ಒಂದೇ ಒಂದು ಕಡೆ ಕೆಂಪು ಗೆರೆ ಎಳೆದು 'ಆ್ಯಸ್ ಪರ್ ನೋಟ್ಸ್' ಎಂದು ಬರೆಯಲಾಗಿತ್ತು. ಆ ಉತ್ತರವನ್ನು ಎರಡು ಸಲ ಓದಿದೆ. ವ್ಯಾಕರಣದ ತಪ್ಪಿರಲಿಲ್ಲ, ವಿಷಯದ ತಪ್ಪೂ ಇರಲಿಲ್ಲ. ಇಂಗ್ಲಿಷ್ ಮೇಡಂ ಬರೆಸಿದ ನೋಟ್ಸ್ ಬಿಟ್ಟು ಮಗಳು ತನ್ನದೇ ಮಾತಿನಲ್ಲಿ ಬರೆದಿದ್ದಳು, ಅದೇ ತಪ್ಪು. ಪೋಷಕರ ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿದಾಗ ಆ ಮೇಡಂ ಬೇಸರವಿಲ್ಲದೆ ಹೇಳಿದರು: "ಸಾರ್, ವ್ಯಾಲ್ಯುಯೇಷನ್ ಮಾಡೋರು ಕೀ ಆನ್ಸರ್ ನೋಡ್ತಾರೆ, ನಿಮ್ಮ ಮಗಳ ಸ್ವಂತ ಬುದ್ಧಿ ನೋಡಲ್ಲ. ನಂಗೆ ಐವತ್ನಾಲ್ಕು ಜನಾನೂ ಪಾಸಾಗ್ಬೇಕು." ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ತರಗತಿಯ ಅರ್ಧದಷ್ಟು ಮಕ್ಕಳು ಸುತ್ತಲಿನ ಹಳ್ಳಿಗಳಿಂದ ಬರುವವರು, ಅನೇಕರ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಓದುವವರೂ ಇಲ್ಲ. ಅಂಥವರಿಗೆ ಆ ನೋಟ್ಸ್ ಊರುಗೋಲಾಗಿತ್ತು. ಆದರೂ ಒಂದು ವರ್ಷದಲ್ಲಿ ಒಂದು ಪೀರಿಯಡ್ಡಾದರೂ ಮಕ್ಕಳು ಇಂಗ್ಲಿಷಿನಲ್ಲಿ ಪರಸ್ಪರ ಮಾತನಾಡಲಿಲ್ಲ ಎಂಬುದನ್ನು ಇಂಗ್ಲಿಷ್ ಮಾಧ್ಯಮವೆಂದು ಶುಲ್ಕ ಕಟ್ಟಿಸಿಕೊಳ್ಳುವ ಶಾಲೆ ಯೋಚಿಸಬೇಕು. ಊರುಗೋಲು ಬೇಕಾದವರಿಗೂ ಬೇಡವಾದವರಿಗೂ ಒಂದೇ ಅಳತೆಯದನ್ನು ಕೊಟ್ಟರೆ ನಡೆಯಬಲ್ಲವರೂ ಕುಂಟುತ್ತಾರೆ.

ಹಿಂದಿಯ ಬಗ್ಗೆ ಹೇಳುವುದಕ್ಕೆ ಹೆಚ್ಚಿಲ್ಲ; ಪಾಠ ನಡೆಯಿತು, ಪರೀಕ್ಷೆ ಆಯಿತು, ಅಂಕ ಬಂತು.

ಗಣಿತದಲ್ಲಿ ನನಗೆ ಅನಿರೀಕ್ಷಿತವಾದ ಸಂತೋಷ ಸಿಕ್ಕಿತು. 2023ರ ಬರಗಾಲದ ನಂತರ 2024ರ ಜುಲೈನಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಏರುತ್ತಿದ್ದಾಗ ಊರಿನವರೆಲ್ಲ ಬೆಳಗಾದರೆ ಪತ್ರಿಕೆಯಲ್ಲಿ ಮಟ್ಟ ಎಷ್ಟಾಯಿತೆಂದು ನೋಡುತ್ತಿದ್ದೆವು. 124.80 ಅಡಿ ಎಂಬ ಗರಿಷ್ಠ ಮಟ್ಟ ಮಂಡ್ಯದ ಮಕ್ಕಳಿಗೆ ಮಗ್ಗಿಯಂತೆ ಬಾಯಿಗೆ ಬರುತ್ತದೆ. ಗಣಿತದ ಮೇಷ್ಟ್ರು ಆ ತಿಂಗಳಿಡೀ ದಿನದ ನೀರಿನ ಮಟ್ಟವನ್ನೂ ಒಳಹರಿವಿನ ಕ್ಯೂಸೆಕ್ ಅಂಕಿಯನ್ನೂ ನೋಟ್‌ಬುಕ್ಕಿನ ಹಿಂಬದಿಯ ಹಾಳೆಯಲ್ಲಿ ಬರೆದಿಡಲು ಹೇಳಿದ್ದರು. ಯಾಕೆಂದು ಆಗ ಯಾರಿಗೂ ಹೇಳಲಿಲ್ಲ. ನವೆಂಬರ್‌ನಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಯ ಬಂದಾಗ ಪಠ್ಯದ ಅಂಕಿಗಳ ಬದಲು ಆ ಪಟ್ಟಿಯನ್ನೇ ವರ್ಗಾಂತರಗಳಾಗಿ ವಿಂಗಡಿಸಿ ಸರಾಸರಿ, ಮಧ್ಯಾಂಕ, ಬಹುಲಕ ಕಂಡುಹಿಡಿಸಿದರು. ಒಳಹರಿವಿನ ಸರಾಸರಿ ಮಧ್ಯಾಂಕಕ್ಕಿಂತ ತುಂಬ ಮೇಲೆ ಬಂದದ್ದೇಕೆ ಎಂಬ ಪ್ರಶ್ನೆಗೆ, ಮಳೆ ಜೋರಾದ ಕೆಲವೇ ದಿನಗಳ ಭಾರಿ ಒಳಹರಿವು ಸರಾಸರಿಯನ್ನು ಎಳೆದುಕೊಂಡು ಹೋಗುತ್ತದೆ, ಮಧ್ಯದ ದಿನವನ್ನು ಅಲುಗಾಡಿಸುವುದಿಲ್ಲ ಎಂದು ಮಗಳು ಬರೆದ ಉತ್ತರದ ಪಕ್ಕದಲ್ಲಿ 'ಸರಿಯಾಗಿ ಹೇಳಿದ್ದೀಯೆ' ಎಂದು ಕನ್ನಡದಲ್ಲಿ ಬರೆದಿದ್ದರು. ಹದಿನಾಲ್ಕು ಪುಸ್ತಕಗಳಲ್ಲಿ ನಾನು ಕಂಡ ಅತ್ಯುತ್ತಮ ಕೆಂಪು ಶಾಯಿ ಅದು.

ತ್ರಿಕೋನಮಿತಿಗೂ ಹಾಗೆಯೇ ಮಾಡಿದರು. ಕೋನಮಾಪಕಕ್ಕೆ ಎಳನೀರಿನ ಸ್ಟ್ರಾ ಅಂಟಿಸಿ, ದಾರದ ತುದಿಗೆ ಕಲ್ಲು ಕಟ್ಟಿ, ಶಾಲೆಯ ಹಿಂದಿನ ನೀರಿನ ಟ್ಯಾಂಕಿನ ತುದಿಯ ಉನ್ನತ ಕೋನ 45 ಡಿಗ್ರಿ ಆಗುವವರೆಗೆ ಹಿಂದೆ ಹಿಂದೆ ಸರಿದು ನಿಂತು ಅಳೆಯುವುದು. ಟ್ಯಾನ್ 45 ಒಂದಾದ್ದರಿಂದ ದೂರವೇ ಎತ್ತರ. ಬಹುತೇಕರು ತಮ್ಮ ಕಣ್ಣಿನ ಎತ್ತರವನ್ನು ಕೂಡಿಸಲು ಮರೆತು ಟ್ಯಾಂಕನ್ನು ನಾಲ್ಕು ಅಡಿಗೂ ಹೆಚ್ಚು ಗಿಡ್ಡ ಮಾಡಿದರಂತೆ. ಆ ತಪ್ಪು ಮಾಡಿದವರು ಪರೀಕ್ಷೆಯಲ್ಲಿ ಮತ್ತೆ ಮಾಡಲಾರರು. ಆದರೆ ಈ ವಿಭಾಗದ ವೇಗ ಸಾಧಾರಣ ಮಕ್ಕಳಿಗೆ ಕಷ್ಟವಾಯಿತು. ಇಂಥ ಚಟುವಟಿಕೆಗಳಿಗೆ ಕೊಟ್ಟ ಸಮಯವನ್ನು ತುಂಬಿಕೊಳ್ಳಲು ವೃತ್ತಗಳ ಪ್ರಮೇಯಗಳನ್ನೂ ಸಮಾಂತರ ಶ್ರೇಢಿಗಳ ಅನ್ವಯದ ಲೆಕ್ಕಗಳನ್ನೂ ಸಂಜೆಯ ವಿಶೇಷ ತರಗತಿಗೆ ತಳ್ಳಲಾಯಿತು, ಆ ತರಗತಿಯ ಕಥೆಯನ್ನು ಮುಂದೆ ಹೇಳುತ್ತೇನೆ.

ವಿಜ್ಞಾನ ಎರಡು ತುಂಡಾಗಿತ್ತು. ಸಿಬಿಝಡ್ ಮೇಡಂ ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಪಾಠಕ್ಕೆ ಮಕ್ಕಳನ್ನು ಊರಾಚೆಯ ಆಲೆಮನೆಗೆ ಕರೆದುಕೊಂಡು ಹೋಗಿದ್ದರು. ಗಾಣದಿಂದ ಆಗ ತಾನೇ ಇಳಿದ ಕಬ್ಬಿನ ಹಾಲಿಗೆ ನೀಲಿ ಲಿಟ್ಮಸ್ ಅದ್ದಿದರೆ ಕೆಂಪಿಗೆ ತಿರುಗುತ್ತದೆ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕಿದ ಮೇಲೆ ಆ ಹುಳಿ ಇಳಿಯುತ್ತದೆ, ಕಶ್ಮಲವೆಲ್ಲ ನೊರೆಯೊಡನೆ ಮೇಲೆ ಬರುತ್ತದೆ, ಅದನ್ನು ಜಾಲರಿಯಲ್ಲಿ ತೆಗೆಯುತ್ತಾರೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ ಎಂಬುದನ್ನು ಆಲೆಮನೆಯವರೇ ಹೇಳಿದರಂತೆ. ತಟಸ್ಥೀಕರಣ ಎಂಬ ಪದವನ್ನು ನಾನು ಓದಿದ ಶಾಲೆಯೂ ಕಬ್ಬಿನ ಗದ್ದೆಯ ಪಕ್ಕದಲ್ಲೇ ಇತ್ತು. ಆದರೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡನ್ನು ಬಿಟ್ಟು ಬೇರೆ ಉದಾಹರಣೆಯನ್ನು ನಮಗೆ ಯಾರೂ ಕೊಡಲಿಲ್ಲ. ಜೀವಶಾಸ್ತ್ರದಲ್ಲಿಯೂ ಎಲೆಯನ್ನು ಆಲ್ಕೋಹಾಲಿನಲ್ಲಿ ಬೇಯಿಸಿ ಅಯೋಡಿನ್ ಹಾಕಿ ಪಿಷ್ಟವನ್ನು ತೋರಿಸುವ ಪ್ರಯೋಗವನ್ನು ಮಕ್ಕಳೇ ಮಾಡಿದ್ದರು.

ಭೌತಶಾಸ್ತ್ರದ ಕಥೆ ಬೇರೆ. ಆ ವಿಷಯವನ್ನು ನೋಡಿಕೊಳ್ಳುತ್ತಿದ್ದ ಇನ್ನೊಬ್ಬ ಪಿಸಿಎಂ ಶಿಕ್ಷಕರು ಆಗಸ್ಟ್‌ನಲ್ಲಿ ಬೇರೆ ಕೆಲಸ ಸಿಕ್ಕಿ ಬಿಟ್ಟುಹೋದರು. ಆಡಳಿತ ಮಂಡಳಿಯವರು ತಾತ್ಕಾಲಿಕ ಶಿಕ್ಷಕರನ್ನು ತರುವ ಹೊತ್ತಿಗೆ ದಸರಾ ರಜೆಯೂ ಮುಗಿದಿತ್ತು. ಬೆಳಕು, ಮಾನವನ ಕಣ್ಣು, ವಿದ್ಯುಚ್ಛಕ್ತಿ, ವಿದ್ಯುತ್ಪ್ರವಾಹದ ಕಾಂತೀಯ ಪರಿಣಾಮ ಈ ನಾಲ್ಕೂ ಅಧ್ಯಾಯಗಳನ್ನು ಎಂಟು ವಾರಗಳಲ್ಲಿ ಬೋರ್ಡಿನ ಮೇಲೆ ಓಡಿಸಿದರು. ಪ್ರಯೋಗದ ಪುಸ್ತಕದಲ್ಲಿ ಓಮ್‌ನ ನಿಯಮದ ಪುಟವನ್ನು ತೆರೆದಾಗ ನನ್ನ ವೃತ್ತಿಯ ಬುದ್ಧಿ ಎಚ್ಚೆತ್ತಿತು. 1.5 ವೋಲ್ಟ್‌ಗೆ 0.1 ಆಂಪೇರ್, 3ಕ್ಕೆ 0.2, 4.5ಕ್ಕೆ 0.3, 6ಕ್ಕೆ 0.4, ಪ್ರತಿ ಸಾಲಿನಲ್ಲೂ ರೋಧ ಕರಾರುವಾಕ್ಕಾಗಿ 15 ಓಮ್. ಒಂದು ಪೈಸೆಯೂ ಹೆಚ್ಚುಕಡಿಮೆಯಾಗದ ನಗದು ಪುಸ್ತಕವನ್ನು ಕಂಡರೆ ಯಾವ ಆಡಿಟರೂ ಮೊದಲು ಅನುಮಾನಪಡುತ್ತಾನೆ. ಮಗಳನ್ನು ಕೇಳಿದೆ. "ಅಮ್ಮೀಟರ್ ಪೆಟ್ಟಿಗೆ ತೆಗೀಲೇ ಇಲ್ಲಪ್ಪ, ಬೋರ್ಡ್ ಮೇಲೆ ಬರ್ದಿದ್ರು, ಎಲ್ಲಾರೂ ಬರ್ಕೊಂಡ್ವಿ" ಎಂದಳು. ತಾತ್ಕಾಲಿಕ ಶಿಕ್ಷಕರ ತಪ್ಪೆಂದು ನಾನು ಹೇಳಲಾರೆ. ಅವರ ಸಂಬಳವೂ ಅವಧಿಯೂ ಅಷ್ಟೇ ಇದ್ದವು. ಆದರೆ ಅನುದಾನಿತ ಶಾಲೆಯಲ್ಲಿ ಖಾಲಿಯಾದ ಹುದ್ದೆ ತುಂಬುವುದು ತಡವಾಗುತ್ತದೆಂದು ಚೆನ್ನಾಗಿ ಗೊತ್ತಿರುವ ಆಡಳಿತ ಮಂಡಳಿ ಜೂನ್‌ನಲ್ಲಿಯೇ ಒಬ್ಬರನ್ನು ನೋಡಿಟ್ಟುಕೊಳ್ಳಬೇಕಿತ್ತು. ಜನವರಿಯಲ್ಲಿ ಬಂದ 'ಗ್ಯಾರಂಟಿ ಚಿತ್ರಗಳು' ಎಂಬ ಜೆರಾಕ್ಸ್ ಹಾಳೆಯಿಂದ ವಿದ್ಯುತ್ ಮೋಟಾರನ್ನು ಮಗಳು ಕಣ್ಣುಮುಚ್ಚಿ ಬರೆಯುತ್ತಿದ್ದಳು, ಅದು ಯಾಕೆ ತಿರುಗುತ್ತದೆಂದು ಕೇಳಿದರೆ ಸುಮ್ಮನಾಗುತ್ತಿದ್ದಳು.

ಸಮಾಜ ವಿಜ್ಞಾನದ ಮೇಷ್ಟ್ರು ಇತಿಹಾಸದ ಹುಚ್ಚಿನವರು, ಅದು ಆ ವಿಭಾಗದ ಬಲವೂ ಹೌದು, ದೋಷವೂ ಹೌದು. ಮೈಸೂರು ಸಂಸ್ಥಾನದಲ್ಲಿನ ಸ್ವಾತಂತ್ರ್ಯ ಚಳವಳಿಯ ಭಾಗವನ್ನು ಅವರು ಮದ್ದೂರಿನ ಬಳಿಯ ಶಿವಪುರದಲ್ಲಿ ನಿಂತು ಕಲಿಸಿದರು. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯ ಮೈಸೂರು ಕಾಂಗ್ರೆಸ್ ಅಧಿವೇಶನ ನಿಷೇಧವನ್ನು ಮೀರಿ ಧ್ವಜ ಹಾರಿಸಿದ್ದು ಅಲ್ಲಿ. ಅದೇ ತಿಂಗಳ ಕೊನೆಗೆ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. ಶಿವಪುರದ ಆ ಧ್ವಜ ಸತ್ಯಾಗ್ರಹದ ನೆನಪಿಗೆ ಕಟ್ಟಿದ ಸತ್ಯಾಗ್ರಹ ಸೌಧದ ಮುಂದೆ ಹೆದ್ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಹೋಗುವ ಮಕ್ಕಳು ಅದೇನೆಂದು ಅಂದು ಮೊದಲ ಸಲ ಇಳಿದು ನೋಡಿದರು. ಶ್ರೀರಂಗಪಟ್ಟಣಕ್ಕೂ ಹೋದರು. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿ, ಹಣ ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟದ್ದನ್ನು ಪಠ್ಯ ಒಂದೆರಡು ಸಾಲಿನಲ್ಲಿ ಹೇಳುತ್ತದೆ. ಮೇಷ್ಟ್ರು 1799ರ ಮೇ 4ರಂದು ಟಿಪ್ಪುವಿನ ಶವ ಸಿಕ್ಕ ಜಾಗದ ಕಲ್ಲಿನ ಬಳಿ ಮಕ್ಕಳನ್ನು ಕೂರಿಸಿ, ಕೋಟೆ ಬಿದ್ದದ್ದು ಆ ದಿನವೋ, ಏಳು ವರ್ಷದ ಹಿಂದೆ ಖಜಾನೆ ಖಾಲಿಯಾದ ದಿನವೋ ಎಂದು ವಾದ ಮಾಡಿಸಿದರಂತೆ. ಮನೆಗೆ ಬಂದ ಮೇಲೂ ಆ ವಾದ ಊಟದ ತಟ್ಟೆಯ ಮುಂದೆ ನಡೆಯಿತು. ಇದಕ್ಕೆಲ್ಲ ಬೆಲೆ ತೆತ್ತದ್ದು ಭೂಗೋಳ ಮತ್ತು ಅರ್ಥಶಾಸ್ತ್ರ. ಡಿಸೆಂಬರ್‌ನ ಮೂರನೆಯ ವಾರದಲ್ಲಿ ಒಂದೇ ದಿನ ಎರಡು ಅಧ್ಯಾಯಗಳ ನೋಟ್ಸ್ ಬರೆಸಿದ ದಿನಾಂಕಗಳು ಪುಸ್ತಕದಲ್ಲಿವೆ. ಭೂಪಟದ ಕೆಲಸವಂತೂ ನದಿ, ಬಂದರುಗಳ ಹೆಸರನ್ನು ಕಂಠಪಾಠ ಮಾಡಿ ಚುಕ್ಕೆ ಇಡುವುದಕ್ಕೆ ಸೀಮಿತವಾಯಿತು.

ದೈಹಿಕ ಶಿಕ್ಷಣದ ಪೀರಿಯಡ್ ನವೆಂಬರ್‌ವರೆಗೆ ವೇಳಾಪಟ್ಟಿಯಲ್ಲಿ ಇತ್ತು. ಆಮೇಲೆ ವೇಳಾಪಟ್ಟಿಯಲ್ಲಿ ಮಾತ್ರ ಇತ್ತು. ಚಿತ್ರಕಲೆಗೆ ಶಿಕ್ಷಕರೇ ಇಲ್ಲ.

ಎಲ್ಲ ವಿಭಾಗಗಳಿಗೂ ಸಮಾನವಾಗಿ ಅನ್ವಯಿಸುವ ಎರಡು ದೂರುಗಳಿವೆ. ಮೊದಲನೆಯದು ಆಂತರಿಕ ಅಂಕ. ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಂದ 20 ಅಂಕ, ಪ್ರಥಮ ಭಾಷೆಗಾದರೆ 25, ಶಾಲೆಯೇ ಕೊಡುತ್ತದೆ. ಆಲೆಮನೆಯ ಬಗ್ಗೆ ಹನ್ನೆರಡು ಪುಟ ಬರೆದ ಮಗುವಿಗೂ, ಪೇಟೆಬೀದಿಯ ಅಂಗಡಿಯಲ್ಲಿ ಸಿದ್ಧ ಚಾರ್ಟ್ ಕೊಂಡು ತಂದ ಮಗುವಿಗೂ 20ಕ್ಕೆ 20 ಬಂದರೆ ಮುಂದಿನ ಸಲ ಹನ್ನೆರಡು ಪುಟ ಬರೆಯುವವರು ಯಾರು? ಎರಡನೆಯದು ವಿಶೇಷ ತರಗತಿ. ಸಂಜೆ ಐದರಿಂದ ಆರೂವರೆಯವರೆಗೆ ಅದನ್ನು ಇಟ್ಟವರು ಹಳ್ಳಿಗಳ ಬಸ್ಸಿನ ವೇಳೆಯನ್ನು ನೋಡಲೇ ಇಲ್ಲ. ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣ ಉಳಿಯಿತು, ನಿಜ. ಆದರೆ ಆರೂಕಾಲರ ಬಸ್ ತಪ್ಪಿದರೆ ಮುಂದಿನದು ಎಂಟಕ್ಕೆ ಎಂಬ ಊರುಗಳ ಹುಡುಗಿಯರು ಆರು ಗಂಟೆಗೇ ಎದ್ದು ಹೋಗುತ್ತಿದ್ದರು. ಪ್ರಮೇಯಗಳನ್ನು ಕಲಿಸಿದ್ದು ಆರರ ನಂತರ. ಡಿಸೆಂಬರ್‌ನ ಸಭೆಯಲ್ಲಿ ನಾವು ನಾಲ್ಕಾರು ಪೋಷಕರು ಒತ್ತಾಯಿಸಿದ ಮೇಲೆ ತರಗತಿಯನ್ನು ಬೆಳಿಗ್ಗೆ ಎಂಟೂವರೆಗೆ ಬದಲಾಯಿಸಿದರು. ಜೂನ್‌ನಲ್ಲೇ ಆಗಬಹುದಾಗಿದ್ದ ಕೆಲಸ.

ಅಂಕ ಎಷ್ಟೆಂದು ಕೇಳದೆ ಯಾರೂ ಬಿಡುವುದಿಲ್ಲವಾದ್ದರಿಂದ ಅದನ್ನೂ ಹೇಳುತ್ತೇನೆ. ಕನ್ನಡ 118, ಇಂಗ್ಲಿಷ್ 95, ಹಿಂದಿ 93, ಗಣಿತ 84, ವಿಜ್ಞಾನ 74, ಸಮಾಜ ವಿಜ್ಞಾನ 91, ಒಟ್ಟು 555. ಇಂಗ್ಲಿಷಿನ 95ನ್ನು ನೋಡಿ ಮಗಳೇ ನಕ್ಕಳು. ಗಣಿತದಲ್ಲಿ ಕಳೆದುಕೊಂಡದ್ದರಲ್ಲಿ ಹೆಚ್ಚಿನದು ವಿಶೇಷ ತರಗತಿಯ ಪಾಲಿಗೆ ಬಿದ್ದ ಅಧ್ಯಾಯಗಳಲ್ಲಿ, ವಿಜ್ಞಾನದಲ್ಲಿ ಕಳೆದುಕೊಂಡದ್ದು ಬಹುಪಾಲು ಭೌತಶಾಸ್ತ್ರದಲ್ಲಿ ಎಂದು ಪ್ರಶ್ನೆಪತ್ರಿಕೆ ಹಿಡಿದು ಕೂತು ಅವಳೇ ಲೆಕ್ಕ ಹಾಕಿದಳು.

2025ರ ಜೂನ್‌ನಲ್ಲಿ ನನ್ನ ತಂಗಿ ತನ್ನ ಮಗನನ್ನು ಅದೇ ಶಾಲೆಯ ಎಂಟನೇ ತರಗತಿಗೆ ಸೇರಿಸಿದ್ದಾಳೆ, ನಾನೇ ಸೇರಿಸು ಎಂದೆ. ಆದರೆ ಶುಲ್ಕ ಕಟ್ಟುವ ಮೊದಲು ಮೂರು ಸಂಗತಿ ವಿಚಾರಿಸಲು ಹೇಳಿದ್ದೆ: ಖಾಲಿಯಿದ್ದ ಪಿಸಿಎಂ ಹುದ್ದೆಗೆ ಯಾರು ಬಂದಿದ್ದಾರೆ, ಆ ಕನ್ನಡ ಮೇಷ್ಟ್ರು ನಿವೃತ್ತಿಯಾಗಲು ಇನ್ನೆಷ್ಟು ವರ್ಷವಿದೆ, ಪ್ರಯೋಗಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ. ಮೊದಲೆರಡಕ್ಕೆ ಕಚೇರಿಯ ಗುಮಾಸ್ತರು ಕೂಡಲೇ ಉತ್ತರ ಕೊಟ್ಟರಂತೆ. ಬೀಗದ ಕೈಯನ್ನು ಹುಡುಕುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.